ಕೆನ್ನೆಯ ರಂಧ್ರ, ಜೇಬಿನ ರಂಧ್ರ



ಈ ವಾರ ಬೋನಸ್ಸಿನ ವಿಷಯ ಬರೆಯಬೇಕೆಂದು ಕುಳಿತವನು ಒಂದು ಮುಖಲೇಪನದ ವಿಷಯ ಬರೆಯುತ್ತಿದ್ದೇನೆ. ನಗಬೇಡಿ. ಪೂರ್ತಿ ಓದಿದ ಮೇಲೆ ನಗು ಬಂದರೆ ಆಗ ನಕ್ಕುಬಿಡಿ.

ಗಿರಣಿಯ ಗೇಟಿನೆದುರು ನಮ್ಮ ಸ್ನೇಹಿತರೊಬ್ಬರ ಸಣ್ಣ ಅಂಗಡಿಯಿದೆ. ಎರಡು ತಿಂಗಳ ಹಿಂದೆ ಮೊದಲನೇ ಪಾಳಿ ಬಿಟ್ಟ ಹೊತ್ತಿಗೆ ಅಲ್ಲಿ ನಿಂತು ಚಹಾ ಕುಡಿಯುತ್ತಿದ್ದೆ. ವೈಂಡಿಂಗ್ ಖಾತೆಯ ಹೆಣ್ಣುಮಗಳೊಬ್ಬಳು ಬಂದು, ಮುಖದ ರಂಧ್ರಗಳನ್ನು ಕಾಣದಂತೆ ಮಾಡುವ ಕ್ರೀಮು ಕೇಳಿದಳು. ಇಪ್ಪತ್ತು ಗ್ರಾಮಿನ ಟ್ಯೂಬು, ಬೆಲೆ 180 ರೂಪಾಯಿ. ಸೆರಗಿನ ಗಂಟು ಬಿಚ್ಚಿ ನೋಟು ಎಣಿಸಿ ಕೊಟ್ಟಳು. ಅವಳ ಒಂದು ದಿನದ ಕೂಲಿಯ ಸುಮಾರು ಅರ್ಧ ಅಲ್ಲಿಗೆ ಮುಗಿಯಿತು. ಹಿಂದೆ ನಿಂತಿದ್ದ ಇಬ್ಬರು ಹುಡುಗರು ಏನೋ ಅಂದು ನಕ್ಕರು. ಅವಳು ತಲೆ ತಗ್ಗಿಸಿ ಹೊರಟುಹೋದಳು.

ಅಂಗಡಿಯವರು ನನ್ನನ್ನು ಕೇಳಿದರು: "ಮೇಷ್ಟ್ರೇ, ತಿಂಗಳಿಗೆ ಎರಡು ಡಜನ್ ಹೋಗುತ್ತೆ. ಇದು ನಿಜವಾಗಿ ಕೆಲಸ ಮಾಡುತ್ತದೆಯೇ? ನಾನು ಮೋಸ ಮಾಡುತ್ತಿದ್ದೇನೆಯೇ?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದಾಗ ಭಾಷಣ ಮಾಡುವುದು ನಮ್ಮಂಥವರ ಹಳೆಯ ಚಾಳಿ. ಈ ಸಲ ಪರೀಕ್ಷೆ ಮಾಡೋಣವೆಂದೆ.

ಮೊದಲು ಒಂದು ಮಾತು. ಆ ಹುಡುಗಿಯನ್ನು ನೋಡಿ ನಕ್ಕವರ ಪಕ್ಷ ನನ್ನದಲ್ಲ. ಅವಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಹಿಂದೆ ಬಂದವರು ಮುಖ ಜರಡಿಯಂತಿದೆ ಎಂದು ಹೇಳಿ ಹೋಗಿದ್ದರಂತೆ. ಅಂಥ ಮಾತಿಗೆ ಅಂಜಿ ಕ್ರೀಮು ಕೊಂಡವಳನ್ನು ಬೈಯುವುದು ಸುಲಭ. ಆ ಮಾತು ಆಡಿದವರನ್ನು ಯಾರು ಕೇಳುತ್ತಾರೆ? ಚೆನ್ನಾಗಿ ಕಾಣಬೇಕೆಂಬ ಆಸೆ ಸಾಹುಕಾರರ ಮನೆಯ ಸೊತ್ತಲ್ಲ. ಹತ್ತಿಯ ಧೂಳಿನಲ್ಲಿ ಎಂಟು ಗಂಟೆ ನಿಂತವಳಿಗೂ ಕನ್ನಡಿಯ ಮುಂದೆ ನಿಲ್ಲುವ ಹಕ್ಕಿದೆ. ಅವಳ ಆಸೆಯ ಮೇಲೆ ನನಗೆ ತಕರಾರಿಲ್ಲ. ಆ ಆಸೆಗೆ ಬದಲಾಗಿ ಅವಳಿಗೆ ಕೊಡುತ್ತಿರುವ ಸರಕಿನ ಮೇಲೆ ನನಗೆ ಪ್ರಶ್ನೆಯಿದೆ.

ರಂಧ್ರವೆಂದರೇನು? ಚರ್ಮದಿಂದ ಕೂದಲು ಹೊರಬರುವ ಬಾಯಿ ಅದು. ಅದರ ಪಕ್ಕದ ಗ್ರಂಥಿಯಿಂದ ಜಿಡ್ಡು ಅದೇ ದಾರಿಯಲ್ಲಿ ಹೊರಕ್ಕೆ ಬಂದು ಚರ್ಮ ಒಣಗದಂತೆ ಕಾಯುತ್ತದೆ. ಅಂಗೈಯಲ್ಲೂ ಅಂಗಾಲಿನಲ್ಲೂ ಕೂದಲಿಲ್ಲ, ಆದ್ದರಿಂದ ಈ ಬಗೆಯ ರಂಧ್ರವೂ ಅಲ್ಲಿಲ್ಲ. ಮುಖದಲ್ಲಿ, ಅದರಲ್ಲೂ ಮೂಗು ಮತ್ತು ಕೆನ್ನೆಯಲ್ಲಿ ಜಿಡ್ಡಿನ ಗ್ರಂಥಿಗಳು ದೊಡ್ಡವು. ಜಿಡ್ಡು ಹೆಚ್ಚಾದವರಿಗೆ ಬಾಯಿ ಅಗಲವಾಗಿ ಕಾಣುತ್ತದೆ. ವಯಸ್ಸಾಗುತ್ತ, ಬಿಸಿಲಿಗೆ ಬೆಂದಂತೆ, ಸುತ್ತಲಿನ ಚರ್ಮದ ಬಿಗಿ ಸಡಿಲವಾಗಿ ಇನ್ನಷ್ಟು ಕಾಣುತ್ತದೆ. ಆ ಬಾಯಿಯನ್ನು ತೆರೆದು ಮುಚ್ಚುವ ಸ್ನಾಯು ಅಲ್ಲಿಲ್ಲ. ಹಬೆ ಹಿಡಿದರೆ ರಂಧ್ರ ತೆರೆಯುತ್ತದೆ, ತಣ್ಣೀರು ಹಾಕಿದರೆ ಮುಚ್ಚುತ್ತದೆ ಎಂಬುದು ಬರೀ ಮಾತು. ರಂಧ್ರವೇನು ಗಿರಣಿಯ ಗೇಟೇ, ಶಿಳ್ಳೆ ಹೊಡೆದೊಡನೆ ಮುಚ್ಚಿಕೊಳ್ಳಲು?

ಇನ್ನು ನಮ್ಮ ಪರೀಕ್ಷೆ. ಒಂದೇ ಆಕಾರದ ಡಬ್ಬಿಗಳನ್ನು ತಂದೆವು. ನನ್ನೊಡನೆ ಹಿಂದೆ ಶಾಲೆಯಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರು ಕೆಲವಕ್ಕೆ ಆ ಕ್ರೀಮನ್ನೂ ಕೆಲವಕ್ಕೆ ಸಾದಾ ಕೋಲ್ಡ್ ಕ್ರೀಮನ್ನೂ ತುಂಬಿದರು. ಒಂದು ಬಗೆಗೆ ಕೆಂಪು ದಾರ, ಇನ್ನೊಂದಕ್ಕೆ ನೀಲಿ ದಾರ. ಯಾವುದು ಯಾವುದೆಂದು ಚೀಟಿಯಲ್ಲಿ ಬರೆದು, ಲಕೋಟೆಗೆ ಅಂಟು ಹಾಕಿ ತಮ್ಮಲ್ಲೇ ಇಟ್ಟುಕೊಂಡರು. ನಾವು ಆರು ಜನ: ವೈಂಡಿಂಗಿನ ಇಬ್ಬರು ಹೆಣ್ಣುಮಕ್ಕಳು, ಅಂಗಡಿಯವರು, ಅವರ ಹೆಂಡತಿ, ಒಬ್ಬ ಜಾಬರ್ ಮತ್ತು ನಾನು. ಯಾವ ಕೆನ್ನೆಗೆ ಕೆಂಪು, ಯಾವುದಕ್ಕೆ ನೀಲಿ ಎಂಬುದನ್ನು ಪ್ರತಿಯೊಬ್ಬರಿಗೂ ನಾಣ್ಯ ಚಿಮ್ಮಿ ತೀರ್ಮಾನಿಸಿದೆವು. ಒಂದೇ ಮುಖ, ಒಂದೇ ಬಿಸಿಲು, ಒಂದೇ ಊಟ. ಬೇರೆಯಾದದ್ದು ಲೇಪನ ಮಾತ್ರ. ತೀರ್ಪುಗಾರ ಗಿರಣಿ ರಸ್ತೆಯ ಕ್ಷೌರಿಕ ಮಿತ್ರ. ದಿನವಿಡೀ ಮುಖಗಳನ್ನು ಹತ್ತಿರದಿಂದ ನೋಡುವ ಮನುಷ್ಯ. ನಮ್ಮ ಊರಿನಲ್ಲಿ ಅವನಿಗಿಂತ ಒಳ್ಳೆಯ ಕಣ್ಣು ನನಗೆ ಗೊತ್ತಿಲ್ಲ.

ಮೊದಲ ದಿನ ಹಚ್ಚಿಕೊಂಡು ಅರ್ಧ ಗಂಟೆಯಾದ ಮೇಲೆ ಅವನ ಮುಂದೆ ಒಬ್ಬೊಬ್ಬರೇ ಕಿಟಕಿಯ ಬೆಳಕಿನಲ್ಲಿ ಕುಳಿತೆವು. ಯಾವ ಕೆನ್ನೆ ನುಣುಪಾಗಿದೆ ಎಂದು ಅವನು ಹೇಳಿದ್ದನ್ನೆಲ್ಲ ಬರೆದಿಟ್ಟೆವು. ಒಂಬತ್ತನೆಯ ದಿನ ಒಬ್ಬಾಕೆಗೆ ತುರಿಕೆ ಬಂದು ಬಿಟ್ಟುಬಿಟ್ಟಳು. ಇಪ್ಪತ್ತೆಂಟನೆಯ ದಿನ ಉಳಿದ ಐವರು ಮುಖ ತೊಳೆದು, ಏನೂ ಹಚ್ಚದೆ, ಅದೇ ಕಿಟಕಿ, ಅದೇ ಹೊತ್ತಿಗೆ ಕುಳಿತೆವು. ಆಮೇಲೆ ಲಕೋಟೆ ಒಡೆದೆವು.

ಮೊದಲ ದಿನ ಆರರಲ್ಲಿ ಐದು ಸಲ ಅವನು ತೋರಿಸಿದ್ದು ಕ್ರೀಮು ಹಚ್ಚಿದ ಕೆನ್ನೆಯನ್ನೇ. ಇಪ್ಪತ್ತೆಂಟನೆಯ ದಿನ ಐದರಲ್ಲಿ ಮೂರು. ಅಂದರೆ ನಾಣ್ಯ ಚಿಮ್ಮಿದ್ದರೂ ಅಷ್ಟೇ ಆಗುತ್ತಿತ್ತು.

ಐದಾರು ಜನರ ಪರೀಕ್ಷೆ ದೊಡ್ಡ ಪುರಾವೆಯಲ್ಲ, ನನಗೆ ಗೊತ್ತು. ಕ್ರೀಮಿನ ಜಾರುವ ಗುಣದಿಂದ ಯಾವುದು ಯಾವುದೆಂದು ಹಚ್ಚಿಕೊಂಡವರಿಗೆ ಅನುಮಾನ ಬಂದಿದ್ದೂ ಉಂಟು. ಆದರೆ ಫಲ ಏಕೆ ಹೀಗೆ ಬಂತೆಂಬುದಕ್ಕೆ ಟ್ಯೂಬಿನ ಹಿಂದಿನ ಸಣ್ಣ ಅಕ್ಷರಗಳೇ ಉತ್ತರ ಹೇಳುತ್ತವೆ. ಅಲ್ಲಿ ಡೈಮೆಥಿಕೋನ್ ಎಂಬ ಸಿಲಿಕೋನ್ ಇದೆ, ಸಿಲಿಕಾ ಪುಡಿ ಇದೆ. ಸಿಲಿಕೋನ್ ತೆಳುವಾದ ಪದರವಾಗಿ ತಗ್ಗುಗಳ ಮೇಲೆ ಕೂರುತ್ತದೆ. ಪುಡಿ ಜಿಡ್ಡನ್ನು ಹೀರಿ, ಬೆಳಕನ್ನು ಚದುರಿಸಿ, ತಗ್ಗಿನ ನೆರಳನ್ನು ಮರೆಸುತ್ತದೆ. ಗೋಡೆಗೆ ಲಪ್ಪ ಹಚ್ಚಿದಂತೆ. ಸಂಜೆ ಮುಖ ತೊಳೆದರೆ ಲಪ್ಪವೂ ಹೋಯಿತು, 180 ರೂಪಾಯಿಯ ಒಂದು ಪಾಲೂ ಹೋಯಿತು.

ಹಾಗಾದರೆ ಕಂಪನಿ ಸುಳ್ಳು ಹೇಳಿತೇ? ಇಲ್ಲ! ಅಲ್ಲಿಯೇ ಇರುವುದು ಜಾಣತನ. ಡಬ್ಬಿಯ ಮೇಲೆ ರಂಧ್ರ ಕಡಿಮೆ ಮಾಡುತ್ತದೆ ಎಂದಿಲ್ಲ. ರಂಧ್ರಗಳ "ತೋರಿಕೆ"ಯನ್ನು ಕಡಿಮೆ ಮಾಡುತ್ತದೆ ಎಂದಿದೆ. 1940ರ ಔಷಧ ಕಾನೂನಿಗೆ 1962ರಲ್ಲಿ ಪ್ರಸಾಧನ ವಸ್ತುಗಳನ್ನು ಸೇರಿಸಿದರು. ಶುಚಿ ಮಾಡುವುದು, ಅಂದ ಹೆಚ್ಚಿಸುವುದು, ತೋರಿಕೆ ಬದಲಿಸುವುದು ಪ್ರಸಾಧನದ ಕೆಲಸ. ದೇಹವನ್ನೇ ಬದಲಿಸುತ್ತೇನೆ ಎಂದರೆ ಅದು ಔಷಧವಾಗುತ್ತದೆ, ಔಷಧದ ಕಟ್ಟುಪಾಡು ಬರುತ್ತದೆ. ಆದ್ದರಿಂದ ವಕೀಲರು ಬರೆಯುವುದು "ತೋರಿಕೆ". ಚಿತ್ರ ಬರೆಯುವವರು ತೋರಿಸುವುದು ಹೊಸ ಮುಖ. ಕೊಳ್ಳುವವಳು ಚಿತ್ರ ನೋಡಿ ಕೊಳ್ಳುತ್ತಾಳೆ, ಕೋರ್ಟು ಅಕ್ಷರ ನೋಡಿ ಬಿಡುತ್ತದೆ.

"ಹತ್ತರಲ್ಲಿ ಒಂಬತ್ತು ಮಹಿಳೆಯರು ಒಪ್ಪಿದ್ದಾರೆ" ಎಂಬಂಥ ಮಾತನ್ನೂ ಹೀಗೆಯೇ ಓದಬೇಕು. ಎಷ್ಟು ಜನರನ್ನು ಕೇಳಿದರು? ಏನೆಂದು ಕೇಳಿದರು? ಇನ್ನೊಂದು ಕೆನ್ನೆಗೆ ಏನು ಹಚ್ಚಿದ್ದರು? ನೋಡಿದವನಿಗೆ ಯಾವುದೆಂದು ಮೊದಲೇ ಗೊತ್ತಿತ್ತೇ? "ಪರೀಕ್ಷಿಸಲಾಗಿದೆ" ಎಂದರೆ ಪಾಸಾಗಿದೆ ಎಂದಲ್ಲ. ಹನ್ನೊಂದು ವರ್ಷ ಉತ್ತರಪತ್ರಿಕೆ ತಿದ್ದಿದವನ ಮಾತಿದು. ಪರೀಕ್ಷೆಗೆ ಕುಳಿತವರೆಲ್ಲ ಪಾಸಾಗುವುದಿಲ್ಲ.

ಆ ಟ್ಯೂಬಿನಲ್ಲಿ ಇನ್ನೊಂದು ವಸ್ತುವಿದೆ: ನಯಾಸಿನಮೈಡ್, ಅಂದರೆ ಬಿ3 ಜೀವಸತ್ವ. ನ್ಯಾಯವಾಗಿ ಹೇಳಬೇಕಾದರೆ ಇದು ಬರಿಯ ಲಪ್ಪವಲ್ಲ. ಎರಡರಿಂದ ಐದು ಶೇಕಡಾ ಇದ್ದು, ವಾರಗಟ್ಟಲೆ ಹಚ್ಚಿದರೆ ಕೆಲವರಲ್ಲಿ ಜಿಡ್ಡು ಸ್ವಲ್ಪ ಇಳಿಯುತ್ತದೆ. ನಮ್ಮ ಟ್ಯೂಬಿನ ಮೇಲೆ ಹೆಸರಿದೆ, ಎಷ್ಟು ಶೇಕಡಾ ಎಂದಿಲ್ಲ.

ಈ ಬಿ3ಗೂ ಗಿರಣಿಗೂ ಹಳೆಯ ನಂಟಿದೆ. ಕಾರ್ಮಿಕ ಬಂಧುಗಳು ಇದನ್ನು ತಿಳಿಯಬೇಕು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ನೂರು ವರ್ಷದ ಹಿಂದೆ ಪೆಲಾಗ್ರ ಎಂಬ ರೋಗ ಹಬ್ಬಿತ್ತು. ಕೈ, ಕುತ್ತಿಗೆ, ಮುಖದ ಚರ್ಮ ಕೆಂಪಾಗಿ ಸುಲಿಯುವುದು, ಆಮೇಲೆ ಭೇದಿ, ಬುದ್ಧಿಭ್ರಮೆ, ಕೊನೆಗೆ ಸಾವು. ಅಂಟುರೋಗವೆಂದು ಎಷ್ಟೋ ವೈದ್ಯರು ನಂಬಿದ್ದರು. 1914ರಲ್ಲಿ ಸರ್ಕಾರ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯನನ್ನು ಕಳಿಸಿತು. ಇದು ಅಂಟುವ ರೋಗವಲ್ಲವೆಂದು ತೋರಿಸಲು ಅವನು 1916ರಲ್ಲಿ ರೋಗಿಗಳ ರಕ್ತವನ್ನು ತನ್ನ ಮೈಗೇ ಚುಚ್ಚಿಸಿಕೊಂಡ. ಅದೇ ವರ್ಷ ದಕ್ಷಿಣ ಕೆರೊಲಿನಾದ ಏಳು ಹತ್ತಿ ಗಿರಣಿ ಹಳ್ಳಿಗಳಲ್ಲಿ, ಎಡ್ಗರ್ ಸಿಡೆನ್‌ಸ್ಟ್ರಿಕರ್ ಎಂಬ ಅರ್ಥಶಾಸ್ತ್ರಜ್ಞನ ಜೊತೆ, ಮನೆಮನೆಯ ಸಂಪಾದನೆ ಮತ್ತು ಊಟದ ಲೆಕ್ಕ ಬರೆಸಿದ. ತಿಳಿದುಬಂದದ್ದೇನು? ಸಂಪಾದನೆ ಇಳಿದಷ್ಟೂ ರೋಗ ಏರುತ್ತಿತ್ತು. ಮೆಕ್ಕೆಜೋಳದ ಹಿಟ್ಟು, ಕೊಬ್ಬು, ಕಾಕಂಬಿ ಇಷ್ಟೇ ತಿನ್ನುತ್ತಿದ್ದ ಮನೆಗಳಲ್ಲಿ ರೋಗ. ಹಾಲು ಮಾಂಸ ಕೊಳ್ಳಲಾದ ಮನೆಗಳಲ್ಲಿ ಅದು ಅಪರೂಪ. ಇಲ್ಲದೆಹೋದ ಆ ವಸ್ತು ಈ ಬಿ3 ಜೀವಸತ್ವವೇ ಎಂದು 1937ರಲ್ಲಿ ಕಾನ್ರಾಡ್ ಎಲ್ವೆಜೆಮ್ ಅವರ ಕೆಲಸದಿಂದ ಖಚಿತವಾಯಿತು. ನಮ್ಮ ದಖ್ಖನ್ನಿನಲ್ಲಿಯೂ ಜೋಳವೊಂದನ್ನೇ ನಂಬಿದ ಬಡವರಲ್ಲಿ ಇದೇ ರೋಗವಿರುವುದನ್ನು 1960ರಲ್ಲಿ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ವರದಿ ಮಾಡಿದರು. ಜೋಳದ ತಪ್ಪಲ್ಲ; ರೊಟ್ಟಿಯ ಜೊತೆ ಬೇಳೆ, ಶೇಂಗಾ, ಹಾಲು ಇಲ್ಲದ್ದೇ ತಪ್ಪು.

ಒಂದು ಕಾಲದಲ್ಲಿ ಕೂಲಿ ಸಾಲದೆ ಯಾವ ವಸ್ತುವಿಲ್ಲದೆ ಗಿರಣಿಯವರ ಚರ್ಮ ಸುಲಿಯಿತೋ, ಅದೇ ವಸ್ತುವನ್ನು ಕೂಲಿಯಿಂದ ಸುಲಿದು ಟ್ಯೂಬಿನಲ್ಲಿ ತುಂಬಿ ಗಿರಣಿಯ ಗೇಟಿನಲ್ಲೇ ಮಾರುತ್ತಿದ್ದಾರೆ. 20 ಗ್ರಾಮಿಗೆ 180 ಎಂದರೆ ಕಿಲೋಗೆ 9,000 ರೂಪಾಯಿ! ಅದೇ ಜೀವಸತ್ವ ಹೇರಳವಾಗಿರುವ ಶೇಂಗಾ ಅದೇ ಅಂಗಡಿಯ ಚೀಲದಲ್ಲಿದೆ. ಶೇಂಗಾ ತಿಂದರೆ ರಂಧ್ರ ಮುಚ್ಚುತ್ತದೆ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ನಾನೂ ಜಾಹೀರಾತಿನವನಾದೆ. ಮೊದಲು ಹೊಟ್ಟೆಗೆ, ಆಮೇಲೆ ಕೆನ್ನೆಗೆ ಎಂದಷ್ಟೇ ಹೇಳುತ್ತೇನೆ.

ಈಗ ಅಂಗಡಿಯ ಬಂಧುಗಳಿಗೆ. ತೋರಿಕೆಯ ಕ್ರೀಮು ಮಾರಿದ್ದು ಪಾಪವಲ್ಲ. "ತೊಳೆಯುವ ತನಕ" ಎಂದು ಒಂದು ಮಾತು ಹೇಳಿ ಮಾರಿ. ಆದರೆ ಅದೇ ಹಲಗೆಯ ಮೇಲೆ ತಯಾರಕರ ವಿಳಾಸವಿಲ್ಲದ, ಲೈಸೆನ್ಸ್ ಸಂಖ್ಯೆಯಿಲ್ಲದ ಡಬ್ಬಿಗಳು ಬಂದು ಕೂರುತ್ತವೆ. ವಾರದಲ್ಲಿ ಬಿಳುಪು, ವಾರದಲ್ಲಿ ನುಣುಪು ಎನ್ನುತ್ತವೆ. ಇಂಥವುಗಳಲ್ಲಿ ಪಾದರಸ ಸಿಕ್ಕಿದ್ದುಂಟು, ಸ್ಟೀರಾಯ್ಡ್ ಸಿಕ್ಕಿದ್ದುಂಟು. ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು ಮೂತ್ರಪಿಂಡದ ಒಂದು ಬಗೆಯ ಕಾಯಿಲೆಯ 15 ರೋಗಿಗಳನ್ನು ವಿಚಾರಿಸಿದಾಗ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದುದು ಕಂಡುಬಂತೆಂದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಸ್ಟೀರಾಯ್ಡ್ ಕ್ರೀಮು ಮೊದಲ ವಾರ ಮುಖವನ್ನು ಹೊಳೆಯಿಸುತ್ತದೆ, ಆಮೇಲೆ ಚರ್ಮವನ್ನು ತೆಳುವಾಗಿಸಿ ಕೆಂಪು ನರಗಳನ್ನು ಎಬ್ಬಿಸುತ್ತದೆ. ಸಗಟಿನವನು ಹೆಚ್ಚು ಕಮಿಷನ್ ಕೊಡುವುದು ಇಂಥ ಮಾಲಿಗೇ. ಹಿಂದಕ್ಕೆ ಕಳಿಸಿ. ನಾಳೆ ತನಿಖೆ ಬಂದರೆ ಕಟಕಟೆಯಲ್ಲಿ ನಿಲ್ಲುವವರು ನೀವು, ಅವನಲ್ಲ.

ದಾರಿತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿಯವರೆಗೆ ದಂಡ ಹಾಕಲು 2019ರ ಗ್ರಾಹಕ ಕಾನೂನಿನಲ್ಲಿ ಅವಕಾಶವಿದೆ. ಮತ್ತೆ ಮಾಡಿದರೆ ಐವತ್ತು ಲಕ್ಷದವರೆಗೆ. ಕಾನೂನು ಪುಸ್ತಕದಲ್ಲಿದ್ದರೆ ಸಾಲದು, ದೂರು ಕೊಡುವವರು ಬೇಕು. ಮುಖ್ಯ ವಸ್ತುವಿನ ಶೇಕಡಾ ಎಷ್ಟೆಂದು ಡಬ್ಬಿಯ ಮೇಲೆ ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಬರೆಯಲಿ. ಪರೀಕ್ಷೆ ಮಾಡಿದ್ದರೆ ಎಷ್ಟು ಜನರ ಮೇಲೆ, ಯಾವುದಕ್ಕೆ ಹೋಲಿಸಿ ಎಂದು ಬರೆಯಲಿ. ಇದು ಅತಿಯಾದ ಬೇಡಿಕೆಯೇ? ನಾವು ಆರು ಜನ ದಾರ ಕಟ್ಟಿ, ಲಕೋಟೆ ಅಂಟಿಸಿ ಮಾಡಿದ್ದನ್ನು ಕೋಟಿಗಟ್ಟಲೆ ವಹಿವಾಟಿನವರು ಮಾಡಲಾರರೇ?

ಕಂಪನಿಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಒಂದರ ಹೆಸರು ಬರೆದರೆ ಉಳಿದವೆಲ್ಲ ಪ್ರಾಮಾಣಿಕವೆಂದಾದೀತು.

ಲಕೋಟೆ ಒಡೆದ ಸಂಜೆ ಆ ಹೆಣ್ಣುಮಗಳೂ ಅಲ್ಲಿದ್ದಳು. ಆರು ಜನರಲ್ಲಿ ಅವಳೂ ಒಬ್ಬಳು. ಫಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಹಾಗಾದರೆ ಮದುವೆಮನೆಗೆ ಹೋಗುವ ದಿನ ಹಚ್ಚುತ್ತೇನೆ ಸಾರ್, ದಿನಾ ಹಚ್ಚೋದಿಲ್ಲ. ಜರಡಿ ಅಂದವರು ಮತ್ತೆ ಬಂದರೆ, ಮುಖ ತೊಳಕೊಂಡೇ ಕೂರುತ್ತೇನೆ."

ಇಡೀ ಪರೀಕ್ಷೆಯಲ್ಲಿ ಇದಕ್ಕಿಂತ ದೊಡ್ಡ ಫಲ ನನಗೆ ಕಾಣಲಿಲ್ಲ. ಬೋನಸ್ಸಿನ ವಿಷಯ ಮುಂದಿನ ವಾರ.