ಅಳಿಸಬಹುದಾದ ಲೆಕ್ಕ

ಮಿಕ್ಸಿಯ ವಾರಂಟಿಗೆಂದು ಈ ವಾರ ಹಳೆಯ ಬಿಲ್ಲು ಹುಡುಕಿದೆ. ಬಿಲ್ಲೇನೋ ಸಿಕ್ಕಿತು, ಅಕ್ಷರಗಳೇ ಇರಲಿಲ್ಲ. ‘ತಗೊಂಡ ದಿನಾನೇ ಫೋಟೊ ಹೊಡ್ಕೋಬೇಕಿತ್ತು ಸಾರ್’ ಎಂದ ಅಂಗಡಿಯ ಹುಡುಗ. ಶಾಖದಿಂದ ಮೂಡಿಸಿದ ಈ ಚೀಟಿ ತಾನಾಗಿಯೇ ಅಳಿಯುತ್ತದೆ. ನಮ್ಮ ಹಿಂದಿನ ವರ್ತಕರ ಕಡತವನ್ನಾದರೆ ಯಾರಾದರೂ ಕೈಯಾರೆ ಅಳಿಸಬೇಕಿತ್ತು. ಹತ್ತಿಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಕಲಸಿ ಎರಡೂ ಮೈಗೆ ಬಳಿದು, ಒಣಗಿಸಿ, ಬೀಸಣಿಗೆಯ ಹಾಗೆ ಮಡಿಚಿದರೆ ಕಡತ ಸಿದ್ಧ. ಬಳಪದಲ್ಲಿ ಬರೆದದ್ದು ಕಪ್ಪಿನ ಮೇಲೆ ಬೆಳ್ಳಗೆ ಏಳುತ್ತಿತ್ತು. ಒದ್ದೆ ಬಟ್ಟೆ ಆಡಿಸಿದರೆ ಸಾಲವೇ ಮಾಯ! ಇಂಥದ್ದನ್ನು ನಂಬಿ ವ್ಯಾಪಾರ ಮಾಡುತ್ತಿದ್ದರೇ? ಮಾಡುತ್ತಿದ್ದರು. 1810ರಲ್ಲಿ ಮೊದಲ ಸಂಪುಟ ಹೊರಬಂದ ತನ್ನ ಮೈಸೂರು ಇತಿಹಾಸದಲ್ಲಿ ಬ್ರಿಟಿಷ್ ಅಧಿಕಾರಿ ಕರ್ನಲ್ ಮಾರ್ಕ್ ವಿಲ್ಕ್ಸ್ ಇದನ್ನು ಕುತೂಹಲದಿಂದ ವಿವರಿಸಿದ್ದಾನೆ. ಅಳಿಸಬಹುದೆಂಬುದು ಊರಿಗೆಲ್ಲ ಗೊತ್ತಿದ್ದುದರಿಂದಲೇ ಅದಕ್ಕೆ ಅಷ್ಟು ಬೆಲೆಯಿತ್ತೆಂದು ನನ್ನ ಗುಮಾನಿ: ಒಂದಂಕಿ ತಿದ್ದಿದ್ದು ಬಯಲಾದರೆ ಪೇಟೆಯಲ್ಲಿ ಆ ಅಂಗಡಿಯ ಕಥೆ ಮುಗಿಯಿತು. ಮಲೆನಾಡಿನ ತೇವದಲ್ಲೂ ಉಳಿದುಬಂದ ಶೃಂಗೇರಿ ಮಠದ ಕಡತಗಳಿಂದ ಇತಿಹಾಸಕಾರರು ಅಂದಿನ ಜಮಾಖರ್ಚನ್ನು ಓದಿ ತೆಗೆದಿದ್ದಾರೆ.