ಸಮೂಹ ಚಿತ್ರವೂ ವಿಶಾಲಕೋನ ಮಸೂರವೂ

ಪರೀಕ್ಷೆ ಸಮೀಪಿಸಿತೆಂದರೆ ಅಂತಿಮ ವರ್ಷದವರ ಸಮೂಹ ಭಾವಚಿತ್ರದ ದಿನವೂ ಬಂತೆಂದೇ ಅರ್ಥ. ಕಳೆದ ವರ್ಷದ ಚಿತ್ರವನ್ನು ಕಂಡು ನಗದವರಿಲ್ಲ. ನಡುವೆ ಕುಳಿತ ಅಧ್ಯಾಪಕರು ಇದ್ದಂತೆಯೇ ಇದ್ದರು. ಎರಡು ತುದಿಗಳಲ್ಲಿ ನಿಂತವರ ಮುಖ ಮಾತ್ರ ಯಾರೋ ಪಕ್ಕಕ್ಕೆ ಹಿಡಿದೆಳೆದಂತೆ ಅಗಲವಾಗಿತ್ತು. ನಾನೂ ನಕ್ಕೆ. ಈ ವರ್ಷ ತುದಿಯ ಸ್ಥಳ ನನ್ನದು.

ತಪ್ಪು ಮಸೂರದ್ದೆ? ಅಲ್ಲ. 35 ಮಿ.ಮೀ. ಫಿಲ್ಮಿನ ಕ್ಯಾಮೆರಾದಲ್ಲಿ 50 ಮಿ.ಮೀ. ಮಸೂರವು ಮೂಲೆಯಿಂದ ಮೂಲೆಗೆ ಸುಮಾರು 47 ಡಿಗ್ರಿಯಷ್ಟನ್ನು ಕಂಡರೆ, 28 ಮಿ.ಮೀ. ವಿಶಾಲಕೋನ ಮಸೂರವು ಸುಮಾರು 75 ಡಿಗ್ರಿಯಷ್ಟನ್ನು ಕಾಣುತ್ತದೆ. ಅಷ್ಟು ಅಗಲದ ನೋಟವನ್ನು ಚಪ್ಪಟೆ ಕಾಗದದ ಮೇಲೆ ಹಾಸಿ, ಗೋಡೆ ಕಂಬಗಳನ್ನೂ ನೆಟ್ಟಗೆ ಉಳಿಸಬೇಕಾದರೆ, ಅಂಚುಗಳು ಹಿಗ್ಗದೆ ಗತ್ಯಂತರವಿಲ್ಲ. ಇದು ರೇಖಾಗಣಿತದ ನಿಯಮ. ಬೆಲೆಬಾಳುವ ಮಸೂರವೂ ಇದನ್ನು ಮೀರಲಾರದು. ಇಂದಿನ ಫೋನುಗಳ ಮುಖ್ಯ ಮಸೂರವೂ ಸಾಮಾನ್ಯವಾಗಿ ಈ ಜಾತಿಯದೇ.

ಹಾಗೆಂದು ವಿಶಾಲಕೋನವೇ ಬೇಡವೆನ್ನಲಾರೆ. ಹಿಂದೆ ಸರಿಯಲು ಎಡೆಯಿಲ್ಲದ ಚಿಕ್ಕ ಕೋಣೆಯಲ್ಲಿ ಅದಲ್ಲದೆ ಬೇರೆ ದಾರಿಯಿಲ್ಲ. ಅದರ ಹಿರಿಮೆ ಇಷ್ಟಕ್ಕೇ ಮುಗಿಯದು. 1941ರ ‘ಸಿಟಿಜನ್ ಕೇನ್’ ಚಲನಚಿತ್ರದಲ್ಲಿ ಛಾಯಾಗ್ರಾಹಕ ಗ್ರೆಗ್ ಟೋಲೆಂಡ್ ತೋರಿಸಿದ ಒಂದು ದೃಶ್ಯವನ್ನು ನೋಡಬೇಕು. ಮನೆಯೊಳಗೆ ತಾಯಿಯು ಮಗನನ್ನು ಪರರ ವಶಕ್ಕೊಪ್ಪಿಸುವ ಪತ್ರಕ್ಕೆ ಸಹಿಮಾಡುತ್ತಾಳೆ. ಕಿಟಕಿಯಾಚೆ ಆ ಹುಡುಗ ಏನೂ ಅರಿಯದೆ ಹಿಮದಲ್ಲಿ ಆಡುತ್ತಿದ್ದಾನೆ. ಹತ್ತಿರದ ತಾಯಿ, ದೂರದ ಮಗ, ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಸ್ಪಷ್ಟ. ಹತ್ತಿರದ್ದನ್ನೂ ದೂರದ್ದನ್ನೂ ಹೀಗೆ ಒಟ್ಟಿಗೆ ಹಿಡಿಯುವುದೇ ಈ ಮಸೂರದ ನಿಜವಾದ ಕೆಲಸ. ಎಂಬತ್ತು ಮಂದಿಯನ್ನು ಸಾಲಾಗಿ ನಿಲ್ಲಿಸಿ ಸಮೀಪದಿಂದ ತುರುಕುವುದು ಅದರ ಕೆಲಸವಲ್ಲ.

ನಮ್ಮ ಕಾಲೇಜಿನ ಮುಂದೆ ಆಟದ ಮೈದಾನವೇ ಇದೆ. ಛಾಯಾಗ್ರಾಹಕರು ಇಪ್ಪತ್ತು ಹೆಜ್ಜೆ ಹಿಂದೆ ಸರಿದು ಸಾಧಾರಣ ಮಸೂರವನ್ನು ಬಳಸಲಿ. ನಾವು ಬೆಂಚುಗಳನ್ನು ಜೋಡಿಸಿ ಸಾಲುಗಳನ್ನು ಹೆಚ್ಚಿಸಿ, ಅಗಲವನ್ನು ತಗ್ಗಿಸೋಣ. ಖರ್ಚೇನೂ ಇಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟೇಕೆ ಮಾತು ಎಂದು ಮಿತ್ರರು ಕೇಳಬಹುದು. ನಮ್ಮ ಮನೆಯ ಗೋಡೆಗೆ ಏರಲಿರುವ ಮೊದಲನೆಯ ಕಾಲೇಜು ಚಿತ್ರವಿದು. ಕೆಳಗೆ ನಮ್ಮೆಲ್ಲರ ಹೆಸರೂ ಅಚ್ಚಾಗಿರುತ್ತದೆ, ನಿಜ. ಆದರೆ ನನ್ನ ತಂದೆಗೆ ಓದು ಬಾರದು. ಅವರು ನನ್ನನ್ನು ಮುಖ ನೋಡಿಯೇ ಗುರುತಿಸಬೇಕು.