ಹೇಳಲಾರದ ಮಾತು

ನಮ್ಮ ನುಡಿಯಲ್ಲಿ ಮುಟ್ಟಿಗೆ ಇರುವ ಹೆಸರುಗಳನ್ನು ನೋಡಿ: ಹೊರಗಾಗುವುದು, ದೂರವಾಗುವುದು, ರಜಸ್ವಲೆಯಾಗುವುದು. ಕನ್ನಡದ ಮೇಷ್ಟರಿಗೆ ಈ ವಿಚಾರವೇಕೆಂದು ನಗಬೇಡಿ. ಇಷ್ಟೊಂದು ಮರೆಮಾತುಗಳ ನಡುವೆ, 'ಸ್ರಾವ ಅತಿಯಾಗಿದೆ' ಎಂದು ಗೃಹಿಣಿಯು ಬಾಯಿಬಿಟ್ಟು ಹೇಳುವುದಾದರೂ ಹೇಗೆ? ಹೇಳುವುದಿಲ್ಲ. ಮೆಟ್ಟಿಲೇರಿದರೆ ಏದುಸಿರು, ಮುಖವೆಲ್ಲ ಬಿಳಿಚು; ಮನೆಯವರು ದಣಿವೆಂದುಕೊಳ್ಳುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರ ಪೈಕಿ ಶೇಕಡ 57 ಮಂದಿಗೆ ರಕ್ತಹೀನತೆ. ಎಲ್ಲಕ್ಕೂ ಆಹಾರದ ಕೊರತೆಯೇ ಕಾರಣವಲ್ಲ. ತಿಂಗಳು ತಿಂಗಳೂ ಸೋರಿಹೋಗುವ ರಕ್ತದ ಪಾಲೂ ಅದರಲ್ಲಿ ಉಂಟು.

ಹಾಗೆ ಸೋರುವುದಕ್ಕೆ ಮುಖ್ಯ ಕಾರಣಗಳಲ್ಲೊಂದು ಗರ್ಭಕೋಶದ ಗಡ್ಡೆ. ವೈದ್ಯರ ಮಾತಿನಲ್ಲಿ ಫೈಬ್ರಾಯ್ಡ್. ಗಡ್ಡೆಯೆಂದೊಡನೆ ಎದೆಗುಂದಬೇಕಾಗಿಲ್ಲ. ಗರ್ಭಕೋಶದ ಸ್ನಾಯುವೇ ಗಂಟುಗಂಟಾಗಿ ಬೆಳೆದದ್ದು ಇದು. ಕ್ಯಾನ್ಸರ್ ಆಗಿರುವುದು ತೀರ ಅಪರೂಪ. ಎಷ್ಟೋ ಹೆಂಗಸರಿಗೆ ಅದು ಇರುವುದೇ ತಿಳಿಯದು. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನೇ ಕುಗ್ಗುತ್ತದೆ. ಗರ್ಭಕೋಶದ ಒಳಪೊಳ್ಳಿನ ಕಡೆಗೆ ಚಾಚಿಕೊಂಡ ಗಡ್ಡೆ ಮಾತ್ರ, ಚಿಕ್ಕದಾದರೂ ಬಹಳ ರಕ್ತ ಹರಿಸೀತು.

'ಹೇಗೂ ಮಕ್ಕಳಾದುವಲ್ಲ, ಗರ್ಭಕೋಶ ತೆಗೆಸಿಬಿಡಿ' ಎನ್ನುವವರು ನೆಂಟರಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ಲಂಡನ್ನಿನ ಶಸ್ತ್ರವೈದ್ಯ ವಿಕ್ಟರ್ ಬಾನಿಯ (1872-1953) ಪತ್ನಿಗೆ ಈ ಗಡ್ಡೆಯ ದೆಸೆಯಿಂದಲೇ ಗರ್ಭಕೋಶ ತೆಗೆಯಬೇಕಾಯಿತು, ದಂಪತಿಗಳಿಗೆ ಮಕ್ಕಳಾಗಲಿಲ್ಲ. ಗರ್ಭಕೋಶವನ್ನು ಉಳಿಸಿ ಗಡ್ಡೆಯನ್ನಷ್ಟೇ ಬಿಡಿಸಿ ತೆಗೆಯುವ ವಿದ್ಯೆಯನ್ನು ಮುಂದೆ ಬೆಳೆಸಿದವರಲ್ಲಿ ಆತ ಪ್ರಮುಖ. ಇಂದು ಸ್ರಾವ ತಗ್ಗಿಸುವ ಮಾತ್ರೆಗಳಿವೆ, ಗರ್ಭಕೋಶದೊಳಗೆ ಇರಿಸುವ ಹಾರ್ಮೋನ್ ಸಾಧನವಿದೆ, ಗಡ್ಡೆಗೆ ರಕ್ತ ಒಯ್ಯುವ ನಾಳವನ್ನು ಮುಚ್ಚುವ ಚಿಕಿತ್ಸೆಯೂ ಇದೆ. ಆದರೂ, ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಸರ್ಕಾರವು 2022ರಲ್ಲಿ ರೂಪಿಸಿದ ಮಾರ್ಗಸೂಚಿಯನ್ನು ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ರಾಜ್ಯಗಳಿಗೆ ಆಜ್ಞೆಮಾಡಬೇಕಾಗಿ ಬಂದಿತು! ತೆಗೆಯಲೇಬೇಕಾದ ಸಂದರ್ಭಗಳೂ ಇಲ್ಲದಿಲ್ಲ. ಇನ್ನೊಬ್ಬ ವೈದ್ಯರನ್ನೂ ಕೇಳಿ ನಿರ್ಧರಿಸುವುದು ಮೇಲು.

ಸ್ರಾವ ಏಳು ದಿನ ಮೀರಿದರೆ, ಗಂಟೆಗೊಮ್ಮೆ ಬಟ್ಟೆ ಬದಲಿಸಬೇಕಾದರೆ, ದೊಡ್ಡ ಹೆಪ್ಪುಗಳು ಬಿದ್ದರೆ, ಎರಡು ಮುಟ್ಟಿನ ನಡುವೆ ರಕ್ತ ಕಂಡರೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ಕಂಡರೂ ತಡಮಾಡಲಾಗದು. ಬಾಯಲ್ಲಿ ಹೇಳಲು ಸಂಕೋಚವಾದರೆ ದಿನಗಳನ್ನು ಗುರುತು ಹಾಕಿಕೊಂಡು ಒಯ್ಯಿರಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ಅದಕ್ಕೂ ಸ್ಥಳವಿದೆ.